ಸ್ಲೀವೋ, ಬೈಪಾಸೋ: ತೂಕವೊಂದನ್ನೇ ನೋಡಿ ಆರಿಸಬೇಡಿ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೆಲ್ಲ ನಮ್ಮ ಬಂಧುಬಳಗದಲ್ಲಿ ಮೊದಲು ಏಳುವ ಪ್ರಶ್ನೆ, ಜಠರವನ್ನು ಕತ್ತರಿಸಿ ಕಿರಿದಾಗಿಸುವ ಸ್ಲೀವ್, ಜಠರದ ಪುಟ್ಟ ಚೀಲವನ್ನು ನೇರ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್, ಇವುಗಳಲ್ಲಿ ಯಾವುದರಲ್ಲಿ ಹೆಚ್ಚು ಕಿಲೋ ಇಳಿಯುತ್ತದೆ ಎಂಬುದು. ಎದೆಯುರಿ ಇದೆಯೇ, ಸಕ್ಕರೆ ಕಾಯಿಲೆ ಎಷ್ಟು ಹಳೆಯದು, ಮನೆಯ ಊಟ ಎಂಥದ್ದು, ಬದುಕಿರುವಷ್ಟು ಕಾಲ ಮಾತ್ರೆ ನುಂಗುವ ಶಿಸ್ತು ಇದೆಯೇ ಎಂಬುದನ್ನು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕೆಂದು ನನಗನ್ನಿಸುತ್ತದೆ. (ಲೈಪೊಸಕ್ಷನ್ ಈ ಸಾಲಿಗೆ ಸೇರುವುದಿಲ್ಲ, ಅದು ಚರ್ಮದಡಿಯ ಕೊಬ್ಬನ್ನು ಹೀರಿ ಮೈಯ ಆಕಾರ ತಿದ್ದುವ ಕೆಲಸವಷ್ಟೇ.)

ಇಂದು ಹೆಚ್ಚಾಗಿ ನಡೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕಿರಿದಾದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ತಯಾರಾಗುವುದು ಹೀಗೆ ತೆಗೆದುಹಾಕುವ ಭಾಗದಲ್ಲೇ ಆದ್ದರಿಂದ ಹಸಿವೂ ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲವಾದ್ದರಿಂದ ಇದಕ್ಕೆ ‘ಸರಳ’ ಎಂಬ ಹೆಸರು ಬಂದಿದೆ. ಆದರೆ ತೆಗೆದ ಜಠರವನ್ನು ಮತ್ತೆ ಜೋಡಿಸಲಾಗದು. ಉಳಿದ ಕೊಳವೆಯೊಳಗೆ ಒತ್ತಡ ಹೆಚ್ಚಿ ಆಮ್ಲ ಮೇಲೇರುವ ತೊಂದರೆ ಹಲವರನ್ನು ಕಾಡುತ್ತದೆ. ಫಿನ್ಲೆಂಡಿನಲ್ಲಿ 240 ರೋಗಿಗಳ ಮೇಲೆ ನಡೆದ ‘ಸ್ಲೀವ್‌ಪಾಸ್’ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಅನ್ನನಾಳದ ಉರಿಯೂತ ಕಂಡುಬಂದದ್ದು ಸ್ಲೀವ್ ಆದವರಲ್ಲಿ ಶೇ 31, ಬೈಪಾಸ್ ಆದವರಲ್ಲಿ ಶೇ 7. ಆಗಲೇ ಹುಳಿತೇಗಿನಿಂದ ನರಳುತ್ತಿರುವವರು ಎಂಡೋಸ್ಕೋಪಿ ಮಾಡಿಸದೆ ಸ್ಲೀವ್‌ಗೆ ಒಪ್ಪಬಾರದು.

ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಆರಂಭದ ಭಾಗವನ್ನು ಬಿಟ್ಟು, ಅದರಾಚೆಯ ಭಾಗಕ್ಕೆ ಅದನ್ನು ನೇರವಾಗಿ ಜೋಡಿಸುತ್ತಾರೆ. ಮಧುಮೇಹಿಗಳಲ್ಲಿ ತೂಕ ಇಳಿಯುವ ಮುಂಚೆಯೇ ಸಕ್ಕರೆ ಪ್ರಮಾಣ ತಗ್ಗುವುದು ಇದರ ವಿಶೇಷ. ಅಮೆರಿಕದ ‘ಸ್ಟ್ಯಾಂಪೀಡ್’ ಅಧ್ಯಯನದ ಐದು ವರ್ಷಗಳ ಫಲಿತಾಂಶದಲ್ಲಿ (2017) ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ ಶೇ 29, ಸ್ಲೀವ್ ಗುಂಪಿನಲ್ಲಿ ಶೇ 23, ಔಷಧವನ್ನಷ್ಟೇ ಪಡೆದವರಲ್ಲಿ ಶೇ 5.

ಇಷ್ಟು ಹೇಳಿದ ಮೇಲೆ ಬೈಪಾಸೇ ಮೇಲು ಎಂದು ಹೇಳಿಬಿಡಬಹುದಿತ್ತು, ನಾನು ಹೇಳಲಾರೆ. ಆಹಾರ ಹಾಯದೆ ಬಿಟ್ಟುಹೋಗುವ ಸಣ್ಣ ಕರುಳಿನ ಆರಂಭದ ಭಾಗವೇ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಹೀರಿಕೊಳ್ಳುವ ಮುಖ್ಯ ಜಾಗ. ವಿಟಮಿನ್ ಬಿ12 ಕೊರತೆಯೂ ಜೊತೆಗೆ ಬರುತ್ತದೆ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ ಇರುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗಂತೂ ಇದು ದೊಡ್ಡ ಹೊರೆ. ಸ್ಲೀವ್ ಆದವರಿಗೂ ಮಾತ್ರೆ ತಪ್ಪದು, ಆದರೆ ಬೈಪಾಸ್‌ನಲ್ಲಿ ಉದಾಸೀನಕ್ಕೆ ತೆರಬೇಕಾದ ಬೆಲೆ ಹೆಚ್ಚು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ತಾವೇ ಐಬುಪ್ರೊಫೆನ್‌ನಂಥ ಮಾತ್ರೆ ಕೊಳ್ಳುವವರಿಗೂ, ಬೀಡಿ ಸಿಗರೇಟು ಬಿಡದವರಿಗೂ ಕರುಳು ಕೂಡಿಸಿದ ಜಾಗದಲ್ಲಿ ಹುಣ್ಣಾಗುವ ಅಪಾಯವಿದೆ. ಬೈಪಾಸ್ ಆದವರು ಹಬ್ಬದ ದಿನ ಎರಡು ಹೋಳಿಗೆ ತಿಂದರೆ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು.

ನಮ್ಮ ದೇಶದಲ್ಲಿ ಹೆಚ್ಚು ರೂಢಿಯಲ್ಲಿರುವ ಮಿನಿ ಬೈಪಾಸ್‌ನಲ್ಲಿ ಕರುಳನ್ನು ಜೋಡಿಸುವುದು ಒಂದೇ ಕಡೆ, ಸಮಯವೂ ಕಡಿಮೆ; ಆದರೆ ಪಿತ್ತರಸ ಜಠರದತ್ತ ಮರಳುವ ಸಾಧ್ಯತೆಯ ಬಗ್ಗೆ ‘ಮಿನಿ’ ಎಂಬ ಹೆಸರು ಏನನ್ನೂ ಹೇಳುವುದಿಲ್ಲ. ಜಠರಕ್ಕೆ ಸಿಲಿಕೋನ್ ಪಟ್ಟಿ ಬಿಗಿಯುವ ವಿಧಾನ ಈಗ ಬಹುಮಟ್ಟಿಗೆ ಹಿಂದೆ ಸರಿದಿದೆ.

ಕೊನೆಗೆ ದುಡ್ಡಿನ ವಿಷಯ. ಆಸ್ಪತ್ರೆಯ ‘ಪ್ಯಾಕೇಜ್’ ದರದಲ್ಲಿ ಮುಂದಿನ ವರ್ಷಗಳ ರಕ್ತಪರೀಕ್ಷೆ, ವಿಟಮಿನ್, ಪ್ರೋಟೀನ್ ಪುಡಿಯ ಖರ್ಚು ಸೇರಿದೆಯೇ ಎಂದು ಕೇಳಿ, ಸೇರಿಲ್ಲವಾದರೆ ಅದನ್ನೂ ಕೂಡಿಸಿ ಎರಡೂ ವಿಧಾನಗಳ ಲೆಕ್ಕವನ್ನು ಹೋಲಿಸಿ ನೋಡಿ.