ಹೊಳೆಗೆ ಬಟ್ಟೆ ಒಗೆಯೋಕೆ ಬರೋರು ‘ಇತರೆ’ಯಂತೆ!

ನಮ್ಮ ಹೊಳೆದಂಡೆ ಪಾರ್ಕಿನ ಬಗ್ಗೆ ಸಮೀಕ್ಷೆ ಮಾಡಿದ್ರು, ಬಹುಪಾಲು ಜನಕ್ಕೆ ತೃಪ್ತಿಯಂತೆ. ಯಾವ ಜನ ಮಾರಾಯ್ರೆ? ಕ್ಯೂಆರ್ ಕೋಡ್ ಅಂಟಿಸಿದ್ದು ಕಾರ್ ಪಾರ್ಕಿಂಗ್ ಪಕ್ಕದ ಗೇಟಿಗೆ. ಹುಡುಗರು ಟ್ಯಾಬ್ ಹಿಡ್ಕೊಂಡು ನಿಂತಿದ್ದು ಬೆಳಿಗ್ಗೆ 6ರಿಂದ 8. ಅದೂ ಮಾರ್ಚಲ್ಲಿ, ಮಕ್ಕಳೆಲ್ಲ ಪರೀಕ್ಷೆಗೆ ಓದ್ತಾ ಕೂತಿರೋ ಹೊತ್ತಲ್ಲಿ. ಸಿಕ್ಕೋರು ಶೂ ಹಾಕ್ಕೊಂಡು ವಾಕಿಂಗ್ ಬರೋ ರಿಟೈರ್ಡ್ ಯಜಮಾನ್ರು. ಅವರಿಗೆ ತೃಪ್ತಿ ಇಲ್ದೆ ಇನ್ನೇನು, ಆ ಟೈಲ್ಸ್ ಹಾಕಿದ್ದೇ ಅವರಿಗೋಸ್ಕರ.

ಪ್ರಶ್ನೆಗಳೋ, ದೇವರಿಗೇ ಪ್ರೀತಿ. ‘ಸ್ವಚ್ಛತೆ ಮತ್ತು ಸುರಕ್ಷತೆ ಹೇಗಿದೆ?’ ಕಸ ಗುಡಿಸಿರ್ತಾರೆ, ಕತ್ತಲಾದ್ಮೇಲೆ ಲೈಟ್ ಇರಲ್ಲ. ಒಂದೇ ಟಿಕ್ಕಲ್ಲಿ ಏನಂತ ಹೇಳೋದು? ಉತ್ತರ ಆರಿಸ್ಕೊಳ್ಳೋಕೆ ಅತ್ಯುತ್ತಮ, ಉತ್ತಮ, ಚೆನ್ನಾಗಿದೆ, ಸಾಧಾರಣ. ‘ಕೆಟ್ಟದಾಗಿದೆ’ ಅನ್ನೋದು ಇಲ್ವೇ ಇಲ್ಲ! ‘ಇಲ್ಲಿಗೆ ಯಾಕೆ ಬರ್ತೀರಿ?’ ಅಂದ್ರೆ ವಾಕಿಂಗ್, ಜಾಗಿಂಗ್, ಯೋಗ, ಇತರೆ. ಬಟ್ಟೆ ಒಗೆಯೋದು, ಗಾಳ ಹಾಕೋದು, ಪಿಂಡ ಬಿಡೋದು, ಸಂಕ್ರಾಂತಿಗೆ ಎಳ್ಳು ಹಚ್ಕೊಂಡು ಮುಳುಗೋದು, ಗಾರೆ ಕೆಲಸದೋರು ಮಧ್ಯಾಹ್ನ ಹೊಂಗೆ ನೆರಳಲ್ಲಿ ಬುತ್ತಿ ಬಿಚ್ಚೋದು, ಎಲ್ಲಾ ಇತರೆ. ಆ ಇತರೆ ಕಮ್ಮಿ ಬಂತು ಅಂತ ಈಗ ಹೊಳೆ ಮೆಟ್ಟಿಲಿಗೆ ಸ್ಟೀಲ್ ಗೇಟ್ ಹಾಕಿ ಬೀಗ ಜಡೀತಾರಂತೆ.

ಸಮೀಕ್ಷೆ ಫಲಿತಾಂಶ ತೋರಿಸೋ ಸಭೇಲಿ, ಸ್ಲೈಡ್ ಹಾಕ್ತಿದ್ದ ಸಾಹೇಬ್ರನ್ನ ಕೇಳಿದೆ, “ಸಾರ್, ಎಷ್ಟು ಜನ ಉತ್ತರ ಕೊಡಲ್ಲ ಅಂದ್ರು, ಅದನ್ನ ಬರ್ಕೊಂಡಿದೀರಾ?” ಸ್ಲೈಡ್ ಮುಂದಕ್ಕೆ ಹೋಯ್ತು. ಮತ್ತೆ ಕೇಳಿದೆ. ಲೇಸರ್ ಪಾಯಿಂಟರಿನ ಕೆಂಪು ಚುಕ್ಕೆ ಪರದೆಯಿಂದ ಇಳಿದು ನನ್ನ ನೋಟ್‌ಬುಕ್ ಮೇಲೆ ಬಂತು. “ಮೇಡಂ, ಸಾವಿರಾರು ಜನ ಒಪ್ಪಿದ್ದಾರೆ, ನಿಮ್ಮೊಬ್ಬರದ್ದೇ ತಕರಾರು.” ಆಮೇಲೆ ಪಕ್ಕದೋರಿಗೆ, ಮೈಕ್ ಆಫ್ ಮಾಡದೇನೇ, “ಇವ್ರಿಗೊಂದು ಟೀ ಕೊಡ್ರೀ.” ಇಡೀ ಹಾಲ್ ನಕ್ತು. ನಿಜವಾಗ್ಲೂ ಟೀ ಬಂತು. ನಾನು ಕುಡಿದೆ ಕೂಡ! ಸ್ಯಾಂಪ್ಲಿಂಗ್, ಅಂದ್ರೆ ಯಾರ್‍ಯಾರನ್ನ ಕೇಳ್ಬೇಕು ಅಂತ ಆರಿಸೋ ಲೆಕ್ಕ, ಗೊತ್ತಿರೋರ ಕಿಮ್ಮತ್ತು ಒಂದು ಪೇಪರ್ ಕಪ್ಪು.

ಸಾವಿರಾರು ಅಂತೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯ ಅಧ್ಯಕ್ಷ ಚುನಾವಣೆ ಸಮೀಕ್ಷೆಗೆ 20 ಲಕ್ಷಕ್ಕೂ ಮೇಲೆ ಉತ್ತರ ಬಂದಿತ್ತು. ಲ್ಯಾಂಡನ್ ಅನ್ನೋ ಅಭ್ಯರ್ಥಿ ಗೆಲ್ತಾರೆ ಅಂತ ಬರೆದ್ರು, ಅವರಿಗೆ ಸಿಕ್ಕಿದ್ದು ಎರಡೇ ರಾಜ್ಯ. ಸರಿಯಾಗಿ ಆರಿಸಿದ್ರೆ 385 ಜನ ಸಾಕು, ಶೇ. 5ರ ಆಚೀಚೆ ಲೆಕ್ಕ ಸಿಗುತ್ತೆ. ಪಾರ್ಕಿನೊಳಗೆ ಸುತ್ತಾಡ್ತಾ ಕೇಳಬಾರದು, ಹೆಚ್ಚು ಹೊತ್ತು ಕೂರೋರೇ ಸಿಗ್ತಾರೆ. ಎಲ್ಲಾ ಗೇಟಲ್ಲೂ, ಹೊರಗೆ ಹೋಗೋರಲ್ಲಿ ಪ್ರತಿ ಹತ್ತನೆಯವರನ್ನ ನಿಲ್ಲಿಸಬೇಕು. ಒಲ್ಲೆ ಅಂದೋರಿಗೂ ಒಂದು ಗೀಟು ಹಾಕ್ಕೋಬೇಕು. ‘ಹೋದ ವಾರ ಎಷ್ಟು ದಿನ ಬಂದಿದ್ರಿ?’ ಅಂತ ಕೇಳಲೇಬೇಕು. ಏಳೂ ದಿನ ಬರೋರು ಒಂದೇ ದಿನ ಬರೋರಿಗಿಂತ ಏಳು ಪಟ್ಟು ಹೆಚ್ಚು ಕೈಗೆ ಸಿಗ್ತಾರೆ, ಅವರ ಉತ್ತರಕ್ಕೆ ಏಳನೇ ಒಂದು ಭಾಗ ತೂಕ ಕೊಡಬೇಕು. ಪಾರ್ಕಿಗೆ ಬರದೇ ಇರೋರನ್ನ ಗೇಟಲ್ಲಿ ಹುಡುಕಿದ್ರೆ ಎಲ್ಲಿ ಸಿಗ್ತಾರೆ? ಅವರ ಮನೆಗೇ ಹೋಗ್ಬೇಕು. ಅಲ್ಲೂ ಬಾಗಿಲಿಗೆ ಬಂದ ಯಜಮಾನ್ರನ್ನಲ್ಲ, ಮನೇಲಿ ಮುಂದಿನ ಹುಟ್ಟುಹಬ್ಬ ಯಾರದ್ದೋ ಅವರನ್ನ ಕೇಳಬೇಕು, ಚೀಟಿ ಎತ್ತಿದ ಹಾಗೆ. ಬಟ್ಟೆ ಒಗೆಯೋರಿಗೆ ಫಾರಂ ತುಂಬೋಕೆ ಪುರುಸೊತ್ತಿಲ್ವಾ? ದೂರದಲ್ಲಿ ನಿಂತು ಎಣಿಸಿ, ದಿನಕ್ಕೆ ನಾಲ್ಕು ಹೊತ್ತು, ವಾರವಿಡೀ: ಹೆಂಗಸರೆಷ್ಟು, ಗಂಡಸರೆಷ್ಟು, ಮಕ್ಕಳೆಷ್ಟು, ಏನ್ಮಾಡ್ತಿದಾರೆ. ಪೆನ್ಸಿಲ್, ಹಾಳೆ ಇದ್ರೆ ಸಾಕು.

ಹೋಗ್ಲಿ ಬಿಡಿ, ಟೆಂಡರ್ ಆಗ್ಲೇ ರೆಡಿ ಇರುತ್ತೆ, ಸಮೀಕ್ಷೆ ಕಡತಕ್ಕೆ ಸೇರಿಸೋಕೆ ಅಷ್ಟೇ. ಯಾರು ಓದ್ತಾರೆ.

ಇಲ್ಲ, ಬಿಡಲ್ಲ. ಆರ್‌ಟಿಐ ಹಾಕ್ತೀನಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ‘ವೈಯಕ್ತಿಕ ಮಾಹಿತಿ’ ಅಂತ ತಳ್ಳಿ ಹಾಕಬಾರದು ನೋಡಿ, ಅದಕ್ಕೆ ಹೆಸರು, ಫೋನ್ ನಂಬರ್ ಕಾಲಂ ತೆಗೆದೇ ಕೊಡಿ ಅಂತ ಮೊದಲೇ ಬರೀತೀನಿ. ಬೇಕಾಗಿರೋದು ಯಾವ ಗೇಟು, ಯಾವ ದಿನ, ಎಷ್ಟು ಗಂಟೆ, ಎಷ್ಟು ಜನ ಒಲ್ಲೆ ಅಂದ್ರು, ಮತ್ತೆ ‘ಇತರೆ’ ಮುಂದೆ ಜನ ಕೈಯಾರೆ ಬರೆದಿರೋದೆಲ್ಲ, ಒಂದಕ್ಷರ ಬಿಡದೆ. ಆ ಟ್ಯಾಬ್ ಹಿಡ್ಕೊಂಡಿದ್ದ ಹುಡುಗರಲ್ಲಿ ಯಾರಾದ್ರೂ ಇದನ್ನ ಓದ್ತಿದ್ರೆ ಹೇಳ್ರಪ್ಪ, ಒಬ್ಬರನ್ನಾದ್ರೂ ಮೆಟ್ಟಿಲ ಹತ್ರ ಇಳಿದು ಹೋಗಿ ಕೇಳಿದ್ರಾ?