ಹೂಳೆತ್ತೋಕೆ ದುಡ್ಡಿದೆ, ರಾಡಿ ಅಳೆಯೋಕೆ ಜನ ಇಲ್ಲ

ಬೇಸಿಗೆ ಬಂತೆಂದರೆ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಯಾವುದಾದರೊಂದು ಕೆರೆಯ ಹೂಳು ತೆಗೆಯುತ್ತಿರುತ್ತಾರೆ. ಜೆಸಿಬಿ, ಟ್ರ್ಯಾಕ್ಟರ್ ಸಾಲು, ಒಂದಷ್ಟು ಫೋಟೊ. ಕೆಲವೇ ವರ್ಷದಲ್ಲಿ ಅದೇ ಕೆರೆ ಮತ್ತೆ ಹೂಳು ತುಂಬಿಕೊಂಡು ಕೂರುತ್ತದೆ. ಆ ಮಣ್ಣು ಯಾವ ಹಳ್ಳದಿಂದ ಬಂತು, ಯಾವ ಮಳೆಗೆ ಬಂತು ಅಂತ ಕೇಳಿ ನೋಡಿ. ಲೆಕ್ಕ ಇಟ್ಟವರು ಸಿಗುವುದಿಲ್ಲ.

ಭೀಮೆಯ ನೀರು ಅಳೆಯಲು ಯಾದಗಿರಿಯಲ್ಲಿ, ಕಾಗಿಣಾ ಅಳೆಯಲು ಮಳಖೇಡದಲ್ಲಿ ಕೇಂದ್ರ ಜಲ ಆಯೋಗದ ಕೇಂದ್ರಗಳಿವೆ. ದೊಡ್ಡ ನದಿಗೆ ಅದು ಸರಿ. ಹೊಲಗಳ ನಡುವೆ ಹರಿದು ಬರುವ ಸಣ್ಣ ಹಳ್ಳಗಳನ್ನು ನೋಡುವವರು ಯಾರು? ಆ ಊರಿನವರೇ ನೋಡಬೇಕು. ಹಳ್ಳದ ನೀರಿನ ರಾಡಿ ಅಳೆಯೋದನ್ನು ಅವರಿಗೆ ಕಲಿಸಬೇಕು, ಅಷ್ಟೇ.

ಸಾಮಾನು ದೊಡ್ಡದೇನಲ್ಲ. ಒಂದು ಪಾರದರ್ಶಕ ಕೊಳವೆ, ತಳದಲ್ಲಿ ಕಪ್ಪು ಬಿಳಿ ಬಿಲ್ಲೆ, ಪಕ್ಕದಲ್ಲಿ ಸೆಂಟಿಮೀಟರ್ ಗುರುತು. ಹಳ್ಳದ ನೀರು ತುಂಬಿ, ಮೇಲಿಂದ ನೋಡುತ್ತಾ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡಬೇಕು. ಬಿಲ್ಲೆ ಕಂಡ ಕೂಡಲೇ ನಿಲ್ಲಿಸಿ, ನೀರು ಎಷ್ಟು ಎತ್ತರ ಇದೆ ಅಂತ ಬರೆದುಕೊಳ್ಳಬೇಕು. ಎತ್ತರ ಕಡಿಮೆ ಬಂದರೆ ರಾಡಿ ಜಾಸ್ತಿ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ಸಮುದ್ರಕ್ಕೆ ಬಿಲ್ಲೆ ಇಳಿಸಿ ನೋಡಿದ ಉಪಾಯವೇ ಇದು. ಮಣ್ಣಿನ ನಿಜವಾದ ತೂಕ ಬೇಕಿದ್ದರೆ ಮಾತ್ರ ಲ್ಯಾಬ್‌ನಲ್ಲಿ ಸೋಸಿ, ಒಣಗಿಸಿ ತೂಗಬೇಕಾಗುತ್ತದೆ. ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟು ತಳ ನೋಡಿದರೆ ಸಾಲದು. ಮರಳು ಬೇಗ ಕೂರುತ್ತದೆ, ನಮ್ಮ ಎರೆ ಮಣ್ಣಿನ ಜೇಡಿ ದಿನಗಟ್ಟಲೆ ತೇಲುತ್ತಲೇ ಇರುತ್ತದೆ. ಆ ಜೇಡಿ ತಳಕ್ಕೆ ಕೂರಲಿ ಅಂತಲೇ ಮನೆಯಲ್ಲಿ ಕೊಡದ ನೀರಿಗೆ ತುರಟಿ (ಪಟಿಕ) ಆಡಿಸುತ್ತಿದ್ದದ್ದು, ಸುಮ್ನೆ ಅಲ್ಲ.

ನನ್ನ ತಕರಾರು ತರಬೇತಿ ಕೊಡುವ ರೀತಿಯ ಬಗ್ಗೆ. ಜನವರಿಯಲ್ಲಿ ಎಸಿ ಹಾಲ್‌ನಲ್ಲಿ ಪಿಪಿಟಿ ತೋರಿಸಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸಿದರೆ ಏನು ಬಂತು? ಆಗ ಹಳ್ಳದಲ್ಲಿ ನೀರೇ ಇರುವುದಿಲ್ಲ, ಇದ್ದರೂ ತಿಳಿಯಾಗಿರುತ್ತದೆ. ವರ್ಷದ ಹೆಚ್ಚಿನ ಮಣ್ಣು ಕೊಚ್ಚಿಹೋಗುವುದು ನಾಲ್ಕಾರು ದೊಡ್ಡ ಮಳೆಗಳಲ್ಲಿ. ಮಿರುಗ (ಮೃಗಶಿರಾ) ಮಳೆ ಹೊತ್ತಿಗೆ ತೊಗರಿ ಇನ್ನೂ ಬಿತ್ತುತ್ತಿರುತ್ತಾರೆ ಅಥವಾ ಎರಡೆಲೆ ಬಂದಿರುತ್ತದೆ, ಹಿಂಗಾರಿ ಜೋಳಕ್ಕೆ ಬಿಟ್ಟ ಎರೆ ಹೊಲವಂತೂ ಮುಂಗಾರು ಮುಗಿಯುವ ತನಕ ಬರಿ ಮೈಯಲ್ಲೇ ಇರುತ್ತದೆ, ಬದು ಒಡೆದಿದ್ದರೆ ಮುಗಿಯಿತು. ಆ ಮಳೆಯ ದಿನ ಅಳೆಯದೆ, ಬಿಸಿಲು ಬಿದ್ದ ಭಾನುವಾರ ಹೋಗಿ ಅಳೆದು ನಮ್ಮ ಹಳ್ಳ ಚೊಕ್ಕ ಇದೆ ಅಂದರೆ ಯಾರಿಗೆ ಉಪಯೋಗ?

ಮಳೆಯಲ್ಲಿ ಅಳೆಯಿರಿ ಅಂದರೆ ನೀರಿಗಿಳಿಯಿರಿ ಅಂತಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದು ಎಲ್ಲರಿಗೂ ನೆನಪಿದೆ. ಗಟ್ಟಿ ಸೇತುವೆ ಮೇಲಿಂದ ಹಗ್ಗ ಕಟ್ಟಿದ ಬಕೆಟ್ ಬಿಟ್ಟರೆ ಸಾಕು, ಸೇತುವೆಯೇ ಮುಳುಗುವಂತಿದ್ದರೆ ಆ ದಿನ ಬೇಡ. ಮೊದಲ ಪಾಠ ಇದೇ ಆಗಬೇಕು.

ಉಳಿದದ್ದೆಲ್ಲ ಶಿಸ್ತು. ಅದೇ ಜಾಗ, ಅದೇ ರೀತಿ. ದಂಡೆಯ ನಿಂತ ನೀರು ಬೇಡ, ಹರಿಯುವ ನೀರು ಬೇಕು. ತಿಳಿ ದಿನ ಹಳ್ಳಕ್ಕೆ ಇಳಿದರೆ ಹರಿವಿಗೆ ಎದುರು ನಿಂತು ಬಾಟಲಿ ಹಿಡಿಯಬೇಕು, ಇಲ್ಲದಿದ್ದರೆ ನಮ್ಮ ಕಾಲಿನ ರಾಡಿಯನ್ನೇ ಅಳೆದಂತಾಗುತ್ತದೆ. ಒಂದೇ ನೀರನ್ನು ಇಬ್ಬರು ಒಬ್ಬರಿಗೊಬ್ಬರು ಹೇಳದೆ ಓದಬೇಕು. ತುಂಬಾ ಫರಕು ಬಂದರೆ ಕಲಕಿ ಮತ್ತೆ ಓದಬೇಕು. ಫರಸಿ ಕ್ವಾರಿಯ ಕಸದ ಗುಡ್ಡೆಯೋ, ರಸ್ತೆ ಕೆಲಸವೋ ಹಳ್ಳದ ಪಕ್ಕದಲ್ಲಿದ್ದರೆ ಅದರ ಮೇಲೊಮ್ಮೆ, ಕೆಳಗೊಮ್ಮೆ ಅಳೆಯಬೇಕು. ಆಗ ಜಗಳಕ್ಕೆ ಬಾಯಿ ಬೇಕಿಲ್ಲ, ನೋಟ್‌ಬುಕ್ ಸಾಕು.

ಭೀಮೆ ಕೆಂಪಾದರೆ ಸಾಕು, ಮಹಾರಾಷ್ಟ್ರದ ಕಡೆ ಬೊಟ್ಟು ತೋರಿಸುತ್ತೇವೆ. ಆದರೆ ಅಲ್ಲಿ ಭೀಮೆಗೆ ಕಟ್ಟಿದ ಉಜನಿಯಂಥ ಅಣೆಕಟ್ಟಿನಲ್ಲಿ ನೀರು ನಿಂತಾಗ ದಪ್ಪ ಮಣ್ಣು ಅಲ್ಲೇ ತಳಕ್ಕೆ ಕೂರುತ್ತದೆ. ಅದರ ಕೆಳಗೆ ಸೀನಾ ಸೇರುತ್ತದೆ, ನಮ್ಮ ಅಮರ್ಜಾ, ಕಾಗಿಣಾ ಸೇರುತ್ತವೆ. ಯಾರ ಮಣ್ಣು ಎಷ್ಟು ಅನ್ನುವುದು ಅಳೆದವರಿಗೆ ಮಾತ್ರ ಗೊತ್ತಾಗುತ್ತದೆ ಅಲ್ವಾ?

ಎನ್‌ಎಸ್‌ಎಸ್ ಹುಡುಗರನ್ನು ಸೇರಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಡಿಗ್ರಿ ಮುಗಿದರೆ ಅವರು ಹೈದರಾಬಾದ್, ಪುಣೆಗೆ ಹೊರಟುಬಿಡುತ್ತಾರೆ. ನನ್ನನ್ನು ಕೇಳಿದರೆ ಹಳ್ಳದ ದಂಡೆಯ ಹೊಲದವರು, ನಿವೃತ್ತ ಮೇಷ್ಟ್ರು, ಸಂಘದ ಅಕ್ಕಂದಿರು ವಾಸಿ. ಮುಂದಿನ ಸಲ ಹೂಳೆತ್ತುವ ಅಂದಾಜು ಪಟ್ಟಿ ತಯಾರಿಸುವಾಗ ಪಂಚಾಯಿತಿಯವರು ಇವರ ಕೊಳವೆಗೂ ಬಕೆಟ್‌ಗೂ ಒಂದು ಸಾಲು ಹಾಕಲಿ. ಜೆಸಿಬಿ ಬಾಡಿಗೆಯ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.