ಮಾತು ಕೇಳದ ಮಗು

ಮಗಳಿಗೆ ಐದು ವರ್ಷ. "ಎಷ್ಟು ಸಲ ಕರೆದ್ರೂ ತಿರುಗಿ ನೋಡಲ್ಲ, ಮಾತೇ ಕೇಳಲ್ಲ" ಅಂತ ತಿಂಗಳುಗಟ್ಟಲೆ ಬೈದಿದ್ದೇನೆ. ಒಂದೆರಡು ಸಲ ಕೈಯೂ ಎತ್ತಿದ್ದೇನೆ. ನೆನೆಸಿಕೊಂಡರೆ ಈಗಲೂ ಕರುಳು ಕಿವುಚಿದ ಹಾಗಾಗುತ್ತದೆ.

ಶಾಲೆಯಿಂದಲೂ ಅದೇ ದೂರು, ಪಾಠದ ಕಡೆ ಗಮನವಿಲ್ಲ ಅಂತ.

ಒಂದು ಸಂಜೆ ಅವಳು ಬಣ್ಣ ಹಚ್ಚುತ್ತಾ ಕೂತಿದ್ದಳು. ನಮ್ಮಮ್ಮ ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ, "ಪುಟ್ಟಿ, ಚಕ್ಕುಲಿ ಬೇಕಾ?" ಅಂದರು. ಕೈಯಲ್ಲಿದ್ದ ಕ್ರೇಯಾನ್ ನಿಲ್ಲಲೇ ಇಲ್ಲ. ಚಕ್ಕುಲಿ ಅಂದರೆ ಜೀವ ಬಿಡೋ ಹುಡುಗಿ! ಅಮ್ಮ ನನ್ನ ಮುಖ ನೋಡಿ, "ಇವಳಿಗೆ ಕೇಳಿಸ್ತಾನೇ ಇಲ್ಲ ಕಣೇ" ಅಂದರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಕಿವಿಗೆ ಮೆತ್ತನೆಯ ಬಿರಡೆ ಇಟ್ಟು, ಒಂಚೂರು ಗಾಳಿ ಒತ್ತಿ ನೋಡುತ್ತಾರೆ. ನೋವಾಗೋದಿಲ್ಲ. ಕಿವಿ ಸರಿ ಇದ್ದರೆ ಯಂತ್ರದಲ್ಲಿ ಮೂಡುವ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಇವಳದ್ದು ಎರಡೂ ಕಿವಿ ಚಪ್ಪಟೆ. ಕಿವಿತಮಟೆಯ ಹಿಂದೆ ಗಾಳಿ ಇರಬೇಕಾದ ಜಾಗದಲ್ಲಿ ಅಂಟಂಟು ನೀರು. ಗ್ಲೂ ಇಯರ್ ಅನ್ನೋದು ಇದಕ್ಕೇ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರೋದೂ ಇಲ್ಲ. ಮತ್ತೆ ಗೊತ್ತಾಗೋದಾದರೂ ಹೇಗೆ, ಅಲ್ವಾ?

ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಮ್ಮಿ ಅಡ್ಡಡ್ಡ. ನೆಗಡಿಯಾದರೆ, ಮೂಗಿನ ಹಿಂದಿರುವ ಅಡಿನಾಯ್ಡ್ ಅನ್ನೋ ಮೆತ್ತನೆಯ ಗಡ್ಡೆ ಊದಿಕೊಂಡರೆ ಅದು ಸರಿಯಾಗಿ ತೆರೆಯೋದಿಲ್ಲ, ಗಾಳಿ ಹೋಗದೆ ಒಳಗೆ ನೀರು ತುಂಬುತ್ತದೆ. ಮನೆಯಲ್ಲಿ ಬೀಡಿ, ಸಿಗರೇಟಿನ ಹೊಗೆ ಇದ್ದರೆ ಕಷ್ಟ ಇನ್ನೂ ಜಾಸ್ತಿ.

ಇಎನ್‌ಟಿ ಡಾಕ್ಟರು ಔಷಧಿ ಬರೆಯಲೇ ಇಲ್ಲ. "3 ತಿಂಗಳು ಕಾಯೋಣ, ಎಷ್ಟೋ ಮಕ್ಕಳಿಗೆ ತಾನಾಗೇ ಹೋಗುತ್ತೆ" ಅಂದರು. ನನಗೆ ಸಿಟ್ಟೇ ಬಂದಿತ್ತು. ಆದರೆ ಅವರು ಹೇಳಿದ್ದೇ ಸರಿ. ಆಂಟಿಬಯೋಟಿಕ್ಕಿಗಾಗಲಿ ನೆಗಡಿ ಸಿರಪ್ಪಿಗಾಗಲಿ ಈ ನೀರು ಬಗ್ಗೋದಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಕಿವಿಗೆ ಹಾಕಿ ಅಂತ ಪಕ್ಕದ ಮನೆಯವರು ಹೇಳಿದರು. ದಯವಿಟ್ಟು ಹಾಕಬೇಡಿ. ನೀರಿರೋದು ತಮಟೆಯ ಆಚೆ, ಎಣ್ಣೆ ನಿಲ್ಲೋದು ಈಚೆ.

ಕಾಯೋದು ಅಂದರೆ ಸುಮ್ನೆ ಕೂರೋದಲ್ಲ. ಎದುರಿಗೆ ಕೂತು, ಮುಖ ನೋಡಿ ಮಾತಾಡಿದೆವು. ಟೀಚರ್ ಮೊದಲ ಬೆಂಚಿನಲ್ಲಿ ಕೂರಿಸಿದರು. ಗಮನವಿಲ್ಲ ಅಂತ ಚೀಟಿ ಕಳಿಸುವ ಮೊದಲು ಶಾಲೆಗಳು ಕಿವಿ ಪರೀಕ್ಷೆ ಮಾಡಿಸಿ ಅಂತ ಹೇಳಲಿ. ಇದು ನನ್ನ ಕಳಕಳಿಯ ಮನವಿ.

3 ತಿಂಗಳಾದರೂ ಇವಳ ನೀರು ಇಳಿಯಲಿಲ್ಲ. ಅರಿವಳಿಕೆ ಕೊಟ್ಟು, ತಮಟೆಯಲ್ಲಿ ಸಣ್ಣ ತೂತು ಮಾಡಿ, ನೀರು ಎಳೆದು, ಗ್ರಾಮೆಟ್ ಕೂರಿಸಿದರು. ಅಕ್ಕಿಕಾಳಿಗಿಂತ ಚಿಕ್ಕ ನಳಿಕೆ. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ತಾನೇ ಬಿದ್ದುಹೋಗುತ್ತದೆ. ಕೆಲವು ಮಕ್ಕಳಿಗೆ ನೀರು ಮತ್ತೆ ತುಂಬೋದೂ ಉಂಟು.

ಅದಕ್ಕೇ ನೆಗಡಿಯಾದಾಗಲೆಲ್ಲ ನಮ್ಮಮ್ಮ ಅವಳ ಬೆನ್ನ ಹಿಂದೆ ನಿಂತು, ಮೆಲ್ಲಗೆ, ಚಕ್ಕುಲಿ ಬೇಕಾ ಅಂತ ಕೇಳಿ ನೋಡುತ್ತಾರೆ.